ಗೆಸ್ಟ್ ಖಾತೆಯ ಚಿತ್ರಗಳು

ಮುಕ್ತ ತಂತ್ರಾಂಶದ ಬಗ್ಗೆ ಮಾತು ಶುರುಮಾಡಿದರೆ ನನ್ನನ್ನು ನಿಲ್ಲಿಸುವವರಿಲ್ಲ. ಬೆಳ್ಳಾರೆಯಲ್ಲಿ ಕಂಪ್ಯೂಟರ್ ಟೀಚರಾಗಿರುವ ನಾನು, ಅಂಗಡಿ, ಆಫೀಸಿನವರು ಬಿಸಾಡುವ ಹಳೇ ಕಂಪ್ಯೂಟರುಗಳನ್ನು ತಂದು, ಧೂಳು ಕೊಡವಿ, ದುಡ್ಡು ಕೊಡದೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ, ಮಕ್ಕಳಿರುವ ಮನೆಗಳಲ್ಲಿ ಕೂರಿಸಿ ಬರುತ್ತೇನೆ. ಹೋದಲ್ಲೆಲ್ಲ ಒಂದೇ ಭಾಷಣ: ಇದು ಎಲ್ಲರದ್ದು, ಇದರಲ್ಲಿ ದೊಡ್ಡವರು ಸಣ್ಣವರು ಅಂತ ಇಲ್ಲ. ಕೇಳಿ ಕೇಳಿ ನನ್ನ ಗಂಡನಿಗೆ ಅದು ಬಾಯಿಪಾಠವಾಗಿದೆ.

ಆಲಂಕಾರಿನ ಒಂದು ಮನೆಗೆ ಹೋದದ್ದು ಈ ಬೇಸಗೆ ರಜೆಯ ಶುರುವಿನಲ್ಲಿ. ಏಳನೇ ತರಗತಿಯ ಅಣ್ಣ, ಐದನೇ ತರಗತಿಯ ತಂಗಿ. ಬಳಸುವವರ ಹೆಸರು ಕೇಳುವ ಪರದೆ ಬಂದಾಗ ಅವರ ಅಪ್ಪ, "ಅವನದ್ದೊಂದು ಹಾಕಿದ್ರೆ ಸಾಕು ಟೀಚರ್. ಅವಳಿಗೆ ಎಂತಕ್ಕೆ? ಚಿತ್ರ ಗೀಚುದು ಮಾತ್ರ ಅಲ್ವಾ" ಎಂದರು. ಮಗನ ಹೆಸರಲ್ಲಿ ಖಾತೆ ತೆರೆದೆ. ಅವನು ಬಹಳ ಗುಟ್ಟಿನಿಂದ ಪಾಸ್‌ವರ್ಡ್ ಹಾಕಿಕೊಂಡ. ತಂಗಿಗೆ 'ಗೆಸ್ಟ್' ಎಂದಿರುವಲ್ಲಿ ಒತ್ತಿ ಒಳಗೆ ಹೋಗಲು ತೋರಿಸಿದೆ.

ನಮ್ಮದು ಅಳಿಯಕಟ್ಟಿನ ಮನೆತನ, ಅವರದ್ದೂ ಅದೇ. ಕುಟುಂಬ ಮುಂದುವರಿಯುವುದು ತಾಯಿಯಿಂದ. ಅವರು ಮನೆ ಕಟ್ಟಿ ಕೂತಿರುವ ಜಾಗವೂ ಹುಡುಗಿಯ ಅಮ್ಮನ ಕಡೆಯಿಂದ ಬಂದದ್ದು. ಘಟ್ಟದ ಮೇಲಿನವರು ಯಾರಾದರೂ ಸಿಕ್ಕಿದರೆ ಇದನ್ನು ನಾನು ಜಂಬದಿಂದ ಹೇಳುವುದುಂಟು. ಅವತ್ತು ಆ ಅಮ್ಮ ಬಾಗಿಲಲ್ಲೇ ನಿಂತಿದ್ದರು. ಅವರನ್ನೊಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಶಾಲೆ ಶುರುವಾದ ಮೇಲೆ ಆ ಅಮ್ಮನದೇ ಫೋನ್ ಬಂತು. ಮಗಳು ರಜೆಯಿಡೀ ಚಿತ್ರ ಬಿಡಿಸಿದ್ದಾಳೆ, ಶಾಲೆಯ ಗೋಡೆಪತ್ರಿಕೆಗೆ ಒಂದು ಕೊಡಬೇಕಂತೆ, ಪ್ರಿಂಟ್ ತೆಗೆದುಕೊಡಬಹುದಾ ಎಂದು ಕೇಳಿದರು. ಖುಷಿಯಲ್ಲಿ ಪೆನ್‌ಡ್ರೈವ್ ಹಿಡಿದು ಹೋದೆ. ಕಂಪ್ಯೂಟರಿನಲ್ಲಿ ಹುಡುಕಿದರೆ ಒಂದು ಚಿತ್ರವೂ ಇಲ್ಲ. ಆಗ ನೆನಪಾಯಿತು. ಗೆಸ್ಟ್ ಎಂದು ಒಳಗೆ ಹೋದವರು ಹೊರಗೆ ಬಂದ ಕೂಡಲೇ ಅವರು ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಅದು ನನಗೆ ಗೊತ್ತಿತ್ತು, ಹೇಳಿರಲಿಲ್ಲ.

"ಅದು ಬಂದ್ ಮಾಡಿದ್ರೆ ಹೋಗ್ತದಲ್ಲ ಟೀಚರ್" ಎಂದು ಹುಡುಗಿ ನನಗೇ ಸಮಾಧಾನ ಹೇಳಿದಳು. "ನಾನು ದಿನಾ ಮೊದಲಿಂದ ಮಾಡುದು. ನೀವು ಬಂದಾಗ ಎದುರಲ್ಲೇ ಬಿಡಿಸಿ ಕೊಡುವ ಅಂತ."

"ಯಾರಿಗಾದ್ರೂ ಹೇಳ್ಬಾರ್ದಿತ್ತಾ ಮಗಾ?"

"ಅಣ್ಣನದ್ದು ಉಳೀತದೆ. ನನಗೆ ಇದು ಹೀಗೆಯೇ ಅಂತ ಎಣಿಸಿದೆ."

ನಾಚಿಕೆಯಿಂದ ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಪೇಪರ್ ಓದುತ್ತಾ ಕೂತಿದ್ದ ಅವಳ ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವರು ಬರೀ ಹೇಳಿದ್ದು, ಒತ್ತಿದ್ದು ನನ್ನ ಬೆರಳು.

ಈ ಸಲ ಯಾರನ್ನೂ ಕೇಳದೆ ಅವಳ ಹೆಸರಲ್ಲಿ ಖಾತೆ ತೆರೆದೆ. ಹೆಸರನ್ನು ಒಂದೇ ಬೆರಳಲ್ಲಿ ಅವಳೇ ಒತ್ತಿದಳು. ಆಮೇಲೆ ಚಿತ್ರ ಬಿಡಿಸಿದಳು: ಪುತ್ತೂರಿಗೆ ಹೋಗುವ ಬಸ್ಸು, ಕಿಟಕಿಗೊಂದು ಮುಖ, ಒಂದರ ಹಾಗೆ ಇನ್ನೊಂದಿಲ್ಲ. ಕೈ ಎಲ್ಲೂ ತಡೆಯಲಿಲ್ಲ. ಎಷ್ಟು ಸಲ ಬಿಡಿಸಿದ್ದಳೋ! ಅಮ್ಮ ನನ್ನ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಅವರ ಕಡೆ ತಿರುಗಲು ನನಗೆ ಧೈರ್ಯ ಬರಲಿಲ್ಲ.

ಚಿತ್ರವನ್ನು ಅವಳ ಖಾತೆಯಲ್ಲಿ ಉಳಿಸಿ, ಪೆನ್‌ಡ್ರೈವಿಗೂ ಹಾಕಿಕೊಂಡು, "ಇನ್ನು ಹೋಗುದಿಲ್ಲ, ಧೈರ್ಯವಾಗಿ ಬಂದ್ ಮಾಡು" ಎಂದೆ.

"ಆಯ್ತು ಟೀಚರ್" ಎಂದಳು.

ಜಗಲಿಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಹಿಂದೆ ತಿರುಗಿ ನೋಡಿದೆ. ಅವಳು ಅಮ್ಮನ ಮೊಬೈಲ್ ಇಸಿದುಕೊಂಡು ಪರದೆಯ ಮೇಲಿನ ಬಸ್ಸಿನ ಫೋಟೋ ತೆಗೆದಳು. ಸರಿಯಾಗಿ ಬಂದಿದೆಯೇ ಎಂದು ನೋಡಿಕೊಂಡಳು. ಆಮೇಲೆ ಕಂಪ್ಯೂಟರ್ ಬಂದ್ ಮಾಡಿದಳು.