ದುಬಲಗುಂಡಿಯ ಮಧ್ಯಾಹ್ನದ ಗಾಳಿ

ನಿವೃತ್ತಿ ಹತ್ತಿರವಿದ್ದ ಆ ವರ್ಷ ನಾನು ಹುಮನಾಬಾದಿನ ವಾಯುಮಾಪನ ಕೇಂದ್ರ ನೋಡಿಕೊಳ್ಳುತ್ತಿದ್ದೆ. ಮನೆ ಬಸವಕಲ್ಯಾಣದಲ್ಲಿ, ದಿನವೂ ಬಸ್ಸಿನ ಓಡಾಟ. ನಾವು ಅಳೆಯುತ್ತಿದ್ದ ಅನಿಲಗಳಲ್ಲಿ ಓಝೋನ್ ಒಂದು. ಆಕಾಶದ ಮೇಲ್ಪದರದಲ್ಲಿ ನಮ್ಮನ್ನು ಕಾಯುವ ಈ ಅನಿಲ ನೆಲಮಟ್ಟದಲ್ಲಿ ಹುಟ್ಟಿದರೆ ಶ್ವಾಸಕೋಶಕ್ಕೆ ವಿಷ. ಇದನ್ನು ಯಾವ ಚಿಮಣಿಯೂ ನೇರವಾಗಿ ಉಗುಳುವುದಿಲ್ಲ. ವಾಹನ, ಕಾರ್ಖಾನೆಗಳ ಅನಿಲಗಳು ಬಿಸಿಲಿಗೆ ಸಿಕ್ಕಿ ಓಝೋನ್ ಆಗುತ್ತವೆ.

ನಮ್ಮ ಗ್ರಾಫಿನಲ್ಲಿ ಬೇಸಿಗೆ ಮಧ್ಯಾಹ್ನದ ಏರು ವರ್ಷದಿಂದ ವರ್ಷಕ್ಕೆ ತುಸು ಮೇಲೆ ಹೋಗುತ್ತಿತ್ತು. ಒಂದೆರಡು ವರ್ಷವಾಗಿದ್ದರೆ ಹವೆಯ ಆಟ ಎನ್ನಬಹುದಿತ್ತು. ಹಳ್ಳಿಯಲ್ಲಾದರೂ ಕಡಿಮೆ ಇದ್ದೀತೆಂದು ಏಪ್ರಿಲ್ ತಿಂಗಳಲ್ಲಿ ಚಾಲಕ ಮಹೆಬೂಬನ ಜೀಪಿನಲ್ಲಿ ಯಂತ್ರ ಹೇರಿಕೊಂಡು ದುಬಲಗುಂಡಿಗೆ ಹೋದೆ.

ಹೊಲದ ಅಂಚಿನಲ್ಲಿ ಯಂತ್ರ ಶುರುಮಾಡಿದೆವು. ಹೊಗೆಯಿಲ್ಲ, ಧೂಳಿಲ್ಲ. ಸಂಖ್ಯೆ ಮಾತ್ರ ಏರುತ್ತಲೇ ಹೋಗಿ ಹುಮನಾಬಾದಿನದನ್ನೂ ದಾಟಿತು. ಯಂತ್ರ ಕೆಟ್ಟಿರಬೇಕೆಂದು ಓಝೋನ್ ಸೋಸಿ ತೆಗೆದ ಶುದ್ಧ ಗಾಳಿ ಹಾಯಿಸಿ ನೋಡಿದೆ. ಸೊನ್ನೆ ಸರಿಯಾಗಿಯೇ ಬಂತು.

ಅಷ್ಟರಲ್ಲಿ ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ಬೇವಿನ ಮರ ಹಿಡಿದು ಕುಸಿದಳು. ಹೆಸರು ಕಸ್ತೂರಬಾಯಿ.

“ಏನ್ ಆಯ್ತು ಬಾಯಿ?”

“ದಮ್ ಹತ್ತ್ಯಾದ್ರಿ ಸಾಹೇಬ್ರ. ಉಸರ ಒಳಗ ಹೋಗವಲ್ದು.”

ತುಟಿ ನೀಲಿಗಟ್ಟುತ್ತಿತ್ತು. ಯಂತ್ರ ಅಲ್ಲೇ ಬಿಟ್ಟು ಅವಳನ್ನು ಜೀಪಿಗೆ ಏರಿಸಿದೆವು. ದಾರಿಯುದ್ದಕ್ಕೂ ಅವಳ ಎದೆಯ ಸಿಳ್ಳು ಕೇಳುತ್ತಿತ್ತು. ಅದು ನಿಂತಾಗಲೆಲ್ಲ ನಾನು ಬಾಗಿ ಅವಳ ಮುಖ ನೋಡುತ್ತಿದ್ದೆ. “ಕಣ್ಣ ಮುಚ್ಚಬ್ಯಾಡ ಅಕ್ಕಾ, ಹುಮನಾಬಾದ ಬಂತು” ಎಂದು ಮಹೆಬೂಬ ಹೇಳುತ್ತಲೇ ಇದ್ದ. ಹುಮನಾಬಾದು ಇನ್ನೂ ದೂರವಿತ್ತು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಸಂಜೆಗೆ ಬಾಯಿ ಬಿಟ್ಟವಳು ಮೊದಲು ಕೇಳಿದ್ದು ಆಡುಗಳ ಬಗ್ಗೆ. ಅವಳಿಗೆ ಮೊದಲೇ ಅಸ್ತಮಾ ಇತ್ತು. ಓಝೋನೇ ಕಾರಣ ಎಂದು ವೈದ್ಯರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

“ಹಳ್ಳಿಯಲ್ಲಿ ಅಷ್ಟು ಬರುವುದು ಸಾಧ್ಯವೇ ಇಲ್ಲ, ಆ ಅಂಕಿಯನ್ನು ವರದಿಯಿಂದ ಬಿಟ್ಟುಬಿಡಿ” ಎಂದರು ಮೇಲಧಿಕಾರಿ ಫೋನಿನಲ್ಲಿ. ಯಂತ್ರವೇ ತಪ್ಪಿರಲಿ ಎಂದು ನನಗೂ ಆಸೆಯಿತ್ತು. ಕೊಡಂಬಲ ಎಂಬ ಇನ್ನೊಂದು ಹಳ್ಳಿಯಲ್ಲಿ ಅಳೆದೆ, ಅಲ್ಲೂ ಅದೇ ಕಥೆ. ರಸ್ತೆ ಪಕ್ಕದ ತಾಜಾ ಹೊಗೆ ಓಝೋನನ್ನು ಒಂದಷ್ಟು ತಿಂದುಹಾಕುತ್ತದೆ. ಗಾಳಿಯೊಡನೆ ಊರಾಚೆ ಹೋದ ಅನಿಲಗಳು ಅಲ್ಲಿ ಬಿಸಿಲಿಗೆ ಮಾಗುತ್ತವೆ. ಇಷ್ಟನ್ನೂ ಬರೆದು, ಹಲವು ವರ್ಷಗಳ ಗ್ರಾಫ್ ಸೇರಿಸಿ ವರದಿ ಕಳಿಸಿದೆ. ಮುಂದಿನ ಬೇಸಿಗೆಯಿಂದ ಹಳ್ಳಿಗಳಿಗೂ ಮಧ್ಯಾಹ್ನದ ಎಚ್ಚರಿಕೆ ಹೋಗತೊಡಗಿತು. ಏರು ಮಾತ್ರ ಇಳಿಯಲಿಲ್ಲ.

ಕಸ್ತೂರಬಾಯಿಯನ್ನು ಮತ್ತೆ ಕಂಡೆ. “ಈಗ ಮುಂಜಾನಿನೇ ಮೇಯಿಸ್ಕೊಂಡು ಬರ್ತೀನ್ರಿ” ಎಂದಳು. ಆಮೇಲೆ ಕೇಳಿದಳು: “ನನಗ ದಮ್ ಹತ್ತಿದ್ರ ಮನಿಗಿ ಹೋಗ್ತೀನಿ. ಆಡಿಗಿ ದಮ್ ಹತ್ತಿದ್ರ ಅವು ಹ್ಯಾಂಗ ಹೇಳ್ಬೇಕ್ರಿ?”

ನಿಧಾನವಾಗಿ ಏರುವ ಗೆರೆಗೆ ಯಾರೂ ಹೆದರುವುದಿಲ್ಲ. ಹೊತ್ತಿಗೆ ಮುಂಚೆಯೇ ಹೆದರುವುದನ್ನು ನನ್ನ ಕೆಲಸ ಕಲಿಸಿತು. ಈಗಲೂ ಬೇಸಿಗೆ ಮಧ್ಯಾಹ್ನ ಮೊಮ್ಮಗಳು ಅಂಗಳಕ್ಕೆ ಓಡಿದರೆ ಒಳಗೆ ಕರೆಯುತ್ತೇನೆ. ಯಾಕಜ್ಜಾ ಎನ್ನುತ್ತಾಳೆ. ಹೊರಗೆ ಬೆರಳು ಮಾಡಿ ತೋರಿಸಲು ಏನೂ ಇರುವುದಿಲ್ಲ.