ಪಕ್ಕೀರವ್ವನ ಪುಸ್ತಕ ಬಂದಾಗ

ನಮ್ಮ ಹುಣಸಿಗಡ್ಡಿಯಲ್ಲಿ ಆಗದ ಹೋಗದ ಕೆಲಸಕ್ಕೆಲ್ಲ ಒಂದೇ ಮಾತು: "ಪಕ್ಕೀರವ್ವನ ಪುಸ್ತಕ ಬಂದಾಗ." ಗಂಗಾವತಿ ಬಸ್ಸು ಎಷ್ಟೊತ್ತಿಗೆ ಎಂದರೂ ಇದೇ, ಮಗನಿಗೆ ಹೆಣ್ಣು ಯಾವಾಗ ಗೊತ್ತಾಗುತ್ತದೆ ಎಂದರೂ ಇದೇ. ನವಲಿಯ ಪಕ್ಕದ ಈ ಊರಿನ ಗ್ರಂಥಾಲಯಕ್ಕೆ ನಾನು, ತಸ್ಲೀಮಾ, ಮೇಲ್ವಿಚಾರಕಿಯಾಗಿ ಬಂದು ಆರು ವರ್ಷವಾಯಿತು. ಈಗ ಅದಕ್ಕೆ ಅರಿವು ಕೇಂದ್ರ ಎನ್ನುತ್ತಾರೆ. ಎರಡು ಕಂಪ್ಯೂಟರ್ ಕೊಟ್ಟಿದ್ದಾರೆ, ಸೂರು ಮಾತ್ರ ಹಳೆಯದೇ. ಮಳೆ ಬಂದರೆ ನನ್ನ ದುಪಟ್ಟಾ ಕಂಪ್ಯೂಟರಿನ ಮೇಲಿರುತ್ತದೆ. ಹೊಸ ಹಂಚು ಯಾವಾಗ ಹಾಕಿಸುತ್ತೀರಿ ಎಂದು ಪಂಚಾಯ್ತಿ ಸದಸ್ಯ ಹುಲಿಗೇಶಣ್ಣನನ್ನು ಕೇಳಿದೆ.

"ಪಕ್ಕೀರವ್ವನ ಪುಸ್ತಕ ಬರ್ಲಿ ತಡಿ ತಂಗಿ, ಮರುದಿನಾನ ಹಾಕ್ಸೂಣು," ಎಂದ. ಸುತ್ತ ನಿಂತವರೆಲ್ಲ ನಕ್ಕರು.

ನನಗೆ ಸಿಟ್ಟು ನೆತ್ತಿಗೇರಿತು. ಪಕ್ಕೀರವ್ವನೇನು ಕಥೆಯೊಳಗಿನ ಮುದುಕಿಯೇ? ಗ್ರಂಥಾಲಯದ ಎದುರು ಮನೆಯವಳು. ಆ ನಗು ಅವಳ ಕಟ್ಟೆಯವರೆಗೂ ಹೋಗುತ್ತದೆ.

ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳದೆ ಎರಡು ಸಾಲಿನ ಪದದಲ್ಲಿ ಹೆಣೆದು ಹೇಳುವ ಒಡಪು ನಮ್ಮ ಕಡೆ ಪ್ರತಿ ಮದುವೆಯಲ್ಲೂ ಇರಲೇಬೇಕು. ಒಂದು ಕಾಲಕ್ಕೆ ಅದರಲ್ಲಿ ಸುತ್ತ ಹತ್ತು ಹಳ್ಳಿಗೆ ಪಕ್ಕೀರವ್ವನೇ ಮುಂದು. ಅವಳಿಗೆ ಇಪ್ಪತ್ತಾರು ವರ್ಷವಿದ್ದಾಗ ಧಾರವಾಡದ ಕಡೆಯಿಂದ ಕನ್ನಡಕದ ಮಾಸ್ತರನೊಬ್ಬ ಟೇಪ್ ರೆಕಾರ್ಡರ್ ಹೊತ್ತು ಬಂದು, ಮೂರು ದಿನ ಅವಳ ಒಡಪುಗಳನ್ನು ಬರೆದುಕೊಂಡು, ಪುಸ್ತಕದಲ್ಲಿ ನಿಮ್ಮ ಹೆಸರು ಹಾಕುತ್ತೇನೆಂದು ಹೇಳಿ ಹೋದನಂತೆ. ಪುಸ್ತಕ ಬರಲೇ ಇಲ್ಲ. ಊರು ಮೊದಲು ನಂಬಿತು, ಆಮೇಲೆ ನಕ್ಕಿತು, ಕಡೆಗೆ ಗಾದೆ ಮಾಡಿಕೊಂಡಿತು. ಅಂದಿನಿಂದ ಪಕ್ಕೀರವ್ವ ಒಡಪು ಹೇಳುವುದನ್ನೇ ಬಿಟ್ಟಳು. ಯಾರಾದರೂ ಒತ್ತಾಯ ಮಾಡಿದರೆ, "ಸುಳ್ಳಬುರುಕಿ ಬಾಯಾಗ ಏನ ಕೇಳ್ತೀರಿ," ಎಂದು ಎದ್ದು ಹೋಗುತ್ತಾಳೆ. ನಲವತ್ತೊಂದು ವರ್ಷದಿಂದ ಹೀಗೇ.

ಅವತ್ತೇ ಅವಳ ಕಟ್ಟೆಗೆ ಹೋದೆ. "ಆಯಿ, ಆ ಪುಸ್ತಕ ನಾ ಹುಡುಕ್ತೀನಿ. ಮಾಸ್ತರನ ಹೆಸರೇನು?"

"ಮರ್ತೀನವ್ವಾ."

ಒಳಗಿನಿಂದ ಗಂಡ ದುರಗಪ್ಪ ಮುತ್ಯಾ ಬಾಯಿ ಹಾಕಿದ. "ಬಂದಿದ್ದರ ಹೆಸರು ನೆನಪಿರತಿತ್ತು. ಮಾಸ್ತರನೂ ಇಲ್ಲ, ಪುಸ್ತಕಾನೂ ಇಲ್ಲ." ಊರೆಲ್ಲ ನಕ್ಕದ್ದು ಒಂದು ತೂಕವಾದರೆ ಈ ಮುದುಕನ ಮಾತೇ ಒಂದು ತೂಕ. ಪಕ್ಕೀರವ್ವ ಅಕ್ಕಿಯ ಮೊರದಿಂದ ತಲೆ ಎತ್ತಲಿಲ್ಲ.

ಬರೆದವನ ಹೆಸರಿಲ್ಲ, ಪುಸ್ತಕದ ಹೆಸರಿಲ್ಲ. ನಮ್ಮ ರಾಜ್ಯದ ಗ್ರಂಥಾಲಯಗಳ ಪಟ್ಟಿ ನೋಡಿದೆ, ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯದ ಪಟ್ಟಿ ನೋಡಿದೆ. ಆಮೇಲೆ ಜಗತ್ತಿನ ಸಾವಿರಾರು ಗ್ರಂಥಾಲಯಗಳು ತಮ್ಮಲ್ಲಿ ಏನೇನಿದೆ ಎಂದು ಒಂದೇ ಕಡೆ ಕೂಡಿಸಿಟ್ಟಿರುವ ದೊಡ್ಡ ಕ್ಯಾಟಲಾಗು ಸಿಕ್ಕಿತು. ಅದರಲ್ಲಿ ಹೆಸರು ಗೊತ್ತಿಲ್ಲದಿದ್ದರೂ ವಿಷಯ ಮತ್ತು ಜಾಗ ಹಾಕಿ ಹುಡುಕಬಹುದು. ವಿಷಯಕ್ಕೆ ಜನಪದ ಪದ, ಜಾಗಕ್ಕೆ ನಮ್ಮ ಕೊಪ್ಪಳ ಜಿಲ್ಲೆ ಎಂದು ಹಾಕಿದೆ. ಮೊನ್ನೆ ಮೊನ್ನೆ ಅಚ್ಚಾದ ಪುಸ್ತಕಗಳು ಬಂದವೇ ಹೊರತು ಆ ಕಾಲದ್ದು ಒಂದೂ ಇಲ್ಲ. ಒಂಬತ್ತು ದಿನ ಹೀಗೇ ತಲೆ ಚಚ್ಚಿಕೊಂಡೆ.

ಹತ್ತನೆಯ ದಿನ ಸೋತು ಪಕ್ಕೀರವ್ವನ ಹತ್ತಿರ ಕೂತು, ಮುತ್ಯಾ ಆ ಮಾಸ್ತರನನ್ನು ನೋಡಲೇ ಇಲ್ಲವೇ ಎಂದು ಕೇಳಿದೆ.

"ಅವ ಎಲ್ಲಿದ್ದ ಊರಾಗ? ಹೊಲದ ಕೇಸಿಗೆ ರಾಯಚೂರಿಗೆ ಹೋಗಿದ್ದ. ಆಗ ನಮಗ ಎಲ್ಲಾದಕ್ಕೂ ರಾಯಚೂರ ಅಲ್ಲೇನವ್ವಾ, ಜಿಲ್ಲಾ ಅದ ಇತ್ತು."

ಎದ್ದು ಓಡಿದೆ. ಚಪ್ಪಲಿಯನ್ನೂ ಮೆಟ್ಟಲಿಲ್ಲ. ಎಂಥ ದಡ್ಡಿ ನಾನು! ಕೊಪ್ಪಳ ಜಿಲ್ಲೆಯಾದದ್ದು ನಾನು ಹುಟ್ಟಿದ ಮರುವರ್ಷ. ಹುಟ್ಟಿದಾಗಿನಿಂದ ಅದೇ ಹೆಸರು ಬರೆದ ಕೈ, ಆಗ ಇಲ್ಲದ ಜಿಲ್ಲೆಯಲ್ಲಿ ಒಂಬತ್ತು ದಿನ ಹುಡುಕಿತ್ತು. ರಾಯಚೂರು ಜಿಲ್ಲೆ ಎಂದು ಹಾಕಿ ಗುಂಡಿ ಒತ್ತಿದೆ. ಏಳು ಪುಸ್ತಕ ಬಂದವು. ಐದನೆಯದು "ಹೆಸರ ಹೇಳಂದರ: ಒಡಪುಗಳ ಸಂಗ್ರಹ", ಧಾರವಾಡ, 1986, ನೂರಾ ಹನ್ನೆರಡು ಪುಟ. ಇರುವ ಜಾಗ ಮೂರು: ಅಮೆರಿಕದಲ್ಲಿ ಎರಡು, ಲಂಡನ್ನಿನಲ್ಲಿ ಒಂದು. ಆ ಕಾಲಕ್ಕೆ ಅಮೆರಿಕದವರು ದಿಲ್ಲಿಯಲ್ಲಿ ಕಚೇರಿ ಇಟ್ಟು ನಮ್ಮ ಭಾಷೆಗಳ ಪುಸ್ತಕಗಳನ್ನು ಕೊಂಡು ಹಡಗಿಗೆ ಹಾಕುತ್ತಿದ್ದರಂತೆ. ಎದುರು ಮನೆಗೆ ಬಾರದ ಪುಸ್ತಕ ಸಮುದ್ರ ದಾಟಿ ಕೂತಿತ್ತು.

ಆದರೆ ಅದರಲ್ಲಿ ಇವಳ ಹೆಸರಿಲ್ಲದಿದ್ದರೆ? ಪಕ್ಕೀರವ್ವನಿಗೆ ಏನೂ ಹೇಳದೆ ಅಮೆರಿಕದ ಆ ವಿಶ್ವವಿದ್ಯಾಲಯವೊಂದರ ಗ್ರಂಥಾಲಯಕ್ಕೆ, ಹುಣಸಿಗಡ್ಡಿಯ ಹೆಸರಿರುವ ಪುಟಗಳ ಫೋಟೊ ಕಳಿಸಿ ಎಂದು ನನ್ನ ಮುರುಕು ಇಂಗ್ಲಿಷಿನಲ್ಲಿ ಬರೆದೆ. ನಾಲ್ಕು ದಿನ ಅನ್ನ ರುಚಿಸಲಿಲ್ಲ. ಐದನೆಯ ದಿನ ಎರಡು ಪುಟಗಳ ಫೋಟೊ ಬಂತು. ಪ್ರಿಂಟ್ ತೆಗೆದು ಕಟ್ಟೆಗೆ ಹೋಗಿ ಇಬ್ಬರನ್ನೂ ಕೂರಿಸಿ ಓದಿದೆ:

"ಕಾಲುವಿಗೆ ನೀರು ಬಂದ್ರ ಗದ್ದಿಗೆಲ್ಲ ಹಸರು,
ಸಿಟ್ಟು ಬಂದ್ರೂ ಬಿಡಂಗಿಲ್ಲ ದುರಗಪ್ಪನ ಹೆಸರು.
ಹೇಳಿದವರು: ಪಕ್ಕೀರವ್ವ, ಹುಣಸಿಗಡ್ಡಿ, ವಯಸ್ಸು ಇಪ್ಪತ್ತಾರು."

ಪಕ್ಕೀರವ್ವನಿಗೆ ಓದು ಬಾರದು. "ನನ್ನ ಹೆಸರು ಎಲ್ಲೈತಿ, ಬಟ್ಟ ಇಡಸು," ಎಂದಳು. ಅವಳ ಬೆರಳು ಹಿಡಿದು ಹೆಸರಿನ ಮೇಲಿಟ್ಟೆ. ತೆಗೆಯಲೇ ಇಲ್ಲ. ಅವಳ ಕಣ್ಣಲ್ಲೂ ನನ್ನ ಕಣ್ಣಲ್ಲೂ ನೀರು. ದುರಗಪ್ಪ ಮುತ್ಯಾ ರುಮಾಲು ಸುತ್ತಿಕೊಂಡು ಎದ್ದ.

"ಏಳು. ಪಂಚಾಯ್ತಿಗೆ ಹೋಗೂಣು. ನಾನೂ ಭಾಳ ಅಂದೀನಿ ನಿನಗ. ನಾಕ ಮಂದಿ ಮುಂದ ತಪ್ಪಾತು ಅಂತೀನಿ."

ಪಂಚಾಯ್ತಿ ಕಟ್ಟೆಯಲ್ಲಿ ಹುಲಿಗೇಶಣ್ಣನೂ ಹತ್ತಾರು ಮಂದಿಯೂ ಇದ್ದರು. ಮುತ್ಯಾ ತನ್ನ ಮಾತಿನಂತೆ ತಪ್ಪು ಒಪ್ಪಿಕೊಂಡು, ಹಾಳೆಯನ್ನು ಒಬ್ಬೊಬ್ಬರ ಮುಖದ ಮುಂದೆ ಹಿಡಿಯುತ್ತ ಹೋದ. ಯಾರೂ ನಗಲಿಲ್ಲ. ನಾನು ಹಂಚಿನ ಮಾತು ತೆಗೆಯಬೇಕೆನ್ನುವಷ್ಟರಲ್ಲಿ ಪಕ್ಕೀರವ್ವ ಸೆರಗು ಸರಿಮಾಡಿಕೊಂಡು ಹುಲಿಗೇಶಣ್ಣನ ಎದುರು ನಿಂತಳು.

"ಹಡಗ ಹತ್ತಿ ಹೋದ ಪುಸ್ತಕ ಬಂತು ತಿರುಗಿ ಊರಿಗೆ,
ದುರಗಪ್ಪನ ಹೇಣ್ತಿ ಹೇಳ್ತೀನಿ, ಹಂಚು ಹಾಕ್ರಿ ಸೂರಿಗೆ."

ನಲ್ಲಿಗೆ ಬಂದಿದ್ದ ಹೆಂಗಸರು ಕೊಡ ಇಳಿಸಿ ಹತ್ತಿರ ಬಂದರು. ಹುಲಿಗೇಶಣ್ಣ ತಲೆ ಕೆರೆದುಕೊಂಡು, ನಾಳೆ ಬೆಳಿಗ್ಗೆ ಅಳತೆಗೆ ಬರುತ್ತೇನೆಂದ. ಪಕ್ಕೀರವ್ವ ಅವನ ಕಡೆ ನೋಡಲೂ ಇಲ್ಲ. ಕಟ್ಟೆಯ ಮೇಲೆ ಕಾಲು ಮಡಚಿ ಕೂತು ಹೆಂಗಸರಿಗೆ ಹೇಳಿದಳು:

"ಕುಂದರ್ರಿ, ಇನ್ನೊಂದು ಐತಿ."