ಮುಳುಗಿದ ಗಂಧಕ

1958ರಲ್ಲಿ ನನ್ನ ತಂಗಿ ಗಂಗವ್ವ ಜಡೆ ಊರಿನ ನಮ್ಮ ತವರಿನಲ್ಲಿ ಚೊಚ್ಚಲು ಹೆತ್ತಳು. ಶಿರಾಳಕೊಪ್ಪದ ಗಂಡನ ಮನೆಯಿಂದ ಮಗು ನೋಡಲು ಹೋದೆ. ಬಾಣಂತಿ ಕೋಣೆ ಕತ್ತಲು. ತಂಗಿ ಮಂಕಾಗಿ ಬಿದ್ದಿದ್ದಳು. ಬಾಗಿಲು ತೆಗೆದು ನೋಡಿದರೆ ಕಣ್ಣಿನ ಬಿಳಿಯೆಲ್ಲ ಹಳದಿ.

"ದಿನಾ ಅರಿಸಿನ ಹಚ್ಚಿ ನೀರು ಹಾಕ್ತೀನಿ. ಹಳದಿ ಆಗ್ದೆ ಕೆಂಪಾಗ್ತಾಳಾ?" ಎಂದಳು ಅವ್ವ.

"ಅರಿಸಿನ ಮೈಗೆ ಹಚ್ತೀಯೋ, ಕಣ್ಣೊಳಗೆ ಹಚ್ತೀಯೋ?"

ದವಾಖಾನೆಗೆ ಒಯ್ಯೋಣ ಎಂದೆ. ಹಸಿ ಬಾಣಂತಿ ಹೊಸ್ತಿಲು ದಾಟಬಾರದು ಎಂದು ಅವ್ವ ಅಡ್ಡ ನಿಂತಳು.

"ಅವಳು ದಾಟೋದು ಬೇಡ. ಅವಳ ಉಚ್ಚೆ ದಾಟ್ಲಿ."

ತೊಳೆದ ಶೀಶೆಯಲ್ಲಿ ಹಿಡಿದು ಸೊರಬದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವನು, "ಜೇನುತುಪ್ಪನೇನ್ರೀ ಅಕ್ಕ?" ಎಂದ.

"ರುಚಿ ನೋಡ್ರಿ ಬೇಕಾದ್ರೆ" ಎಂದೆ. ಅವನು ಮೂಸಿ ನೋಡಿ, ಎದ್ದು ಹಿಂದಿನ ಸೀಟಿಗೆ ಹೋದ.

ದವಾಖಾನೆಯ ಡಾಕ್ಟರು ಶೀಶೆ ಅಲ್ಲಾಡಿಸಿದರು. ನೊರೆಯೂ ಹಳದಿ. ಒಂದಿಷ್ಟನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಮೇಲೆ ಚಿಟಿಕೆ ಗಂಧಕದ ಪುಡಿ ಉದುರಿಸಿದರು. ಪುಡಿ ಸರಸರನೆ ತಳಕ್ಕಿಳಿಯಿತು.

"ಚೆನ್ನಾಗಿರೋರದ್ದರಲ್ಲಿ ಇದು ತೇಲುತ್ತೆ. ಪಿತ್ತ ಸೇರಿದ್ರೆ ಮುಳುಗುತ್ತೆ. ಕಾಮಾಲೆ ಇದು, ಪಿತ್ತಜನಕಾಂಗ ಕೆಟ್ಟಿದೆ. ಮಂಕಾಗಿದಾಳೆ ಅಂತೀರಿ, ಇವತ್ತೇ ಕರ್ಕೊಂಡು ಬನ್ನಿ. ತಡ ಮಾಡಿದ್ರೆ ಉಳಿಯಲ್ಲ."

"ನಮ್ಮವ್ವ ನನ್ನ ಮಾತು ನಂಬಲ್ಲ. ಆ ಪುಡಿ ಒಂದು ಚಿಟಿಕೆ ಕೊಡ್ರಿ."

ನಕ್ಕು ಕಾಗದದಲ್ಲಿ ಕಟ್ಟಿಕೊಟ್ಟರು. ಸಿಕ್ಕ ಬಸ್ಸು ಹಿಡಿದು ಬಂದು ಅವ್ವನ ಕೈಗೆ ಲೋಟ ಕೊಟ್ಟೆ.

"ನಿಂದೂ ಹಿಡಿ."

"ನಿಂಗೇನು ತಲೆ ಕೆಟ್ಟಿದೆಯೇನೇ? ನಂದ್ಯಾಕೆ?"

"ಹಿಡ್ಕಂಡು ಬಾ. ಆಮೇಲೆ ಬೈಯಿ."

ಗೊಣಗುತ್ತಲೇ ಹಿತ್ತಲಿಗೆ ಹೋಗಿ ತಂದಳು. ಶೀಶೆಯಲ್ಲಿ ಉಳಿದಿದ್ದ ತಂಗಿಯದನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ, ಎರಡನ್ನೂ ಅಂಗಳದ ಬಿಸಿಲಿನಲ್ಲಿಟ್ಟು ಪುಡಿ ಉದುರಿಸಿದೆ. ಅವ್ವನ ಲೋಟದಲ್ಲಿ ಪುಡಿ ಕೆನೆಯಂತೆ ಮೇಲೇ ನಿಂತಿತು. ತಂಗಿಯದರಲ್ಲಿ ತಳ ಸೇರಿತು. ಅವ್ವ ಬಗ್ಗಿ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಬೈಯಲಿಲ್ಲ. ಒಳಗೆ ಹೋಗಿ ಗಂಗವ್ವನನ್ನು ಎಬ್ಬಿಸಿ, ಹೆಗಲು ಕೊಟ್ಟು ತಾನೇ ಹೊಸ್ತಿಲು ದಾಟಿಸಿಕೊಂಡು ಬಂದಳು.

"ಗಾಡಿ ಕಟ್ಟು ಅಂತ ನಿಮ್ಮಪ್ಪಂಗೆ ಹೇಳು. ನಿಂತು ಏನ್ ನೋಡ್ತೀಯ?" ಎಂದು ನನ್ನನ್ನೇ ಗದರಿದಳು.

ತಂಗಿ ಬಹಳ ದಿನ ದವಾಖಾನೆಯಲ್ಲಿ ಮಲಗಿ ಎದ್ದು ಬಂದಳು. ಈಗ ಮೊಮ್ಮಕ್ಕಳಿದ್ದಾರೆ; ನನ್ನ ಸಂಗಡ ಜಗಳಕ್ಕೇನೂ ಕಡಿಮೆಯಿಲ್ಲ.

ಇಂದಿಗೂ ಬಾಣಂತಿ ನೋಡಲು ಹೋದರೆ ನಾನು ಮೊದಲು ಮಗುವನ್ನು ಎತ್ತಿಕೊಳ್ಳುವುದಿಲ್ಲ. ತಾಯಿಯನ್ನು ಬಾಗಿಲ ಬೆಳಕಿಗೆ ಕರೆದು, ರೆಪ್ಪೆ ಬಿಡಿಸಿ ಕಣ್ಣು ನೋಡುತ್ತೇನೆ. ಬೈಯುವವರು ಬೈಯಲಿ.